ಆರು ಬಿಂದುಗಳಲ್ಲಿ ಸರಿಯಿದ್ದ ಮೈಕ್ರೋಮೀಟರ್: ಒಂದು ಪ್ರಕರಣ ಅಧ್ಯಯನ

ಗ್ರೈಂಡಿಂಗ್ ವಿಭಾಗದವರು 12.750 ಮಿ.ಮೀ. ವ್ಯಾಸದ 240 ಉಕ್ಕಿನ ಪಿನ್ನುಗಳನ್ನು ಮುಗಿಸಿ, ಪ್ರತಿಯೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಎಲ್ಲವೂ ಮಿತಿಯೊಳಗಿವೆ ಎಂದು ಬರೆದು ಜೋಡಣೆಗೆ ಕಳಿಸಿದ್ದರು. ನಕ್ಷೆಯ ಪ್ರಕಾರ ಪಿನ್ನಿನ ಗರಿಷ್ಠ ಅಳತೆ 12.750, ಕನಿಷ್ಠ ಅಳತೆ 12.739, ಅಂದರೆ ಒಟ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) 11 ಮೈಕ್ರಾನ್; ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ. ಅದು ಕೂರಬೇಕಾದ ರಂಧ್ರ 12.750ರಿಂದ 12.768ರವರೆಗೆ ಇರಬಹುದಾದ್ದರಿಂದ, ಎರಡೂ ಕಡೆ ಅಳತೆ ಸರಿಯಿದ್ದರೆ ಯಾವ ಪಿನ್ನೂ ಯಾವ ರಂಧ್ರದಲ್ಲೂ ಸಿಕ್ಕಿಕೊಳ್ಳುವ ಹಾಗಿಲ್ಲ. ಹೀಗಿದ್ದೂ ಜೋಡಣೆಯಲ್ಲಿ 31 ಪಿನ್ನುಗಳು ಒಳಗೆ ಹೋಗಲಿಲ್ಲ. ಕೆಲವು ಬಾಯಲ್ಲೇ ನಿಂತವು. ಕೆಲವು ಅರ್ಧದವರೆಗೆ ಸಲೀಸಾಗಿ ಜಾರಿ, ಅಲ್ಲಿಂದ ಮುಂದೆ ಹೆಬ್ಬೆರಳಿನ ಒತ್ತಡಕ್ಕೆ ಜಗ್ಗದೆ ಕೂತವು. ರಂಧ್ರಗಳನ್ನು ಅವುಗಳ ಪರೀಕ್ಷೆಗೆಂದೇ ಇರುವ ಪ್ಲಗ್ ಗೇಜಿನಿಂದ ಮತ್ತೆ ನೋಡಿದಾಗ ಗೋ ಬದಿ, ಅಂದರೆ ಸರಿಯಾದ ರಂಧ್ರದೊಳಗೆ ಇಳಿಯಲೇಬೇಕಾದ ತುದಿ, ಎಲ್ಲ ಕಡೆಯೂ ಸರಾಗವಾಗಿ ಇಳಿಯಿತು. ಹಾಗಾಗಿ ದೋಷ ಪಿನ್ನಿನಲ್ಲಿರಬೇಕು, ಇಲ್ಲವೇ ಪಿನ್ನನ್ನು ಅಳೆದ ರೀತಿಯಲ್ಲಿರಬೇಕು ಎಂಬಲ್ಲಿಗೆ ವಿಷಯ ಬಂದು ನಿಂತಿತು. ಆ ಹೊತ್ತಿಗೆ ಅಳತೆ ಉಪಕರಣಗಳ ಉಸ್ತುವಾರಿ ನನ್ನದಾಗಿತ್ತು.

ಗ್ರೈಂಡಿಂಗ್ ಯಂತ್ರದ ಹಿರಿಯ ಕೆಲಸಗಾರರ ಮಾತು ಸ್ಪಷ್ಟವಾಗಿತ್ತು: "ನಾನು ಅಳೆದದ್ದನ್ನೇ ಬರೆದಿದ್ದೇನೆ ಸಾರ್, ಬೇಕಾದರೆ ನಿಮ್ಮ ಮುಂದೆಯೇ ಇನ್ನೊಮ್ಮೆ ಅಳೆಯುತ್ತೇನೆ." ಅಳೆದರು. ಜೋಡಣೆಯಿಂದ ವಾಪಸು ಬಂದ ಪಿನ್ನುಗಳಲ್ಲಿ ಒಂದನ್ನು ಒರೆಸಿ, ಹಿಡಿತದ ಒತ್ತಡ ಪ್ರತಿ ಸಲವೂ ಒಂದೇ ಇರುವಂತೆ ಮಾಡುವ ರ‍್ಯಾಚೆಟ್ಟನ್ನು ಮೂರು ಬಾರಿ ಕ್ಲಿಕ್ ಎನ್ನುವವರೆಗೆ ತಿರುಗಿಸಿ ತೋರಿಸಿದರು. ಮೈಕ್ರೋಮೀಟರ್ 12.747 ಎಂದಿತು. ನಾನೂ ಅಳೆದೆ, ಅದೇ 12.747. ಇಬ್ಬರ ಕೈಯಲ್ಲೂ ಒಂದೇ ಅಂಕಿ ಬಂದದ್ದು ಅಳೆಯುವವರ ಕೈಚಳಕದ ಮೇಲಿನ ಅನುಮಾನವನ್ನು ಬಹುಪಾಲು ಕಳೆಯಿತು. ಒಂದು ಉಪಕರಣ ಮತ್ತೆ ಮತ್ತೆ ಒಂದೇ ಅಂಕಿಯನ್ನು ತೋರಿಸುವುದು ಬೇರೆ, ಆ ಅಂಕಿ ನಿಜವಾಗಿರುವುದು ಬೇರೆ ಎಂಬ ಪಾಠಪುಸ್ತಕದ ಮಾತು ನನಗೆ ಗೊತ್ತಿತ್ತಾದರೂ, ಕಣ್ಣೆದುರು ನಾಲ್ಕು ಬಾರಿ ಅದೇ ಅಂಕಿ ಬಂದಾಗ ಅದನ್ನು ಅನುಮಾನಿಸುವುದು ಎಷ್ಟು ಕಷ್ಟ ಎಂಬುದು ಆ ದಿನ ಅನುಭವಕ್ಕೆ ಬಂತು.

ಮೊದಲು ಎಲ್ಲರ ಬಾಯಲ್ಲೂ ಬಂದದ್ದು ಉಷ್ಣತೆ. ಗ್ರೈಂಡಿಂಗಿನಿಂದ ಆಗಷ್ಟೇ ಇಳಿದ ಪಿನ್ನು ಬಿಸಿಯಾಗಿರುತ್ತದೆ, ಬಿಸಿಯಲ್ಲಿ ಅಳೆದದ್ದರಿಂದ ಹೀಗಾಯಿತು ಎಂಬುದು ವಾದ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಒಂದು ಮೀಟರಿನಲ್ಲಿ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 12.75 ಮಿ.ಮೀ. ವ್ಯಾಸಕ್ಕೆ, 10 ಡಿಗ್ರಿ ಹೆಚ್ಚು ಬಿಸಿಗೆ, ಆ ಹಿಗ್ಗು ಸುಮಾರು ಒಂದೂವರೆ ಮೈಕ್ರಾನ್. ಪ್ರಮಾಣ ಸಣ್ಣದು ಎಂಬುದಕ್ಕಿಂತ ಮುಖ್ಯವಾದದ್ದು ಅದರ ದಿಕ್ಕು. ಬಿಸಿ ಪಿನ್ನು ದಪ್ಪವಾಗಿ ಕಾಣುತ್ತದೆ. ದಪ್ಪವಾಗಿ ಕಂಡದ್ದನ್ನು ಕೆಲಸಗಾರ ಇನ್ನಷ್ಟು ತೆಗೆಯುತ್ತಾನೆ. ಆರಿದ ಮೇಲೆ ಅದು ಬೇಕಾದ್ದಕ್ಕಿಂತ ತೆಳ್ಳಗಾಗುತ್ತದೆ. ನಮ್ಮಲ್ಲಿ ಆದದ್ದು ಅದಕ್ಕೆ ತದ್ವಿರುದ್ಧ. ಕಾರಣ ಹುಡುಕುವಾಗ ದೋಷದ ಪ್ರಮಾಣಕ್ಕಿಂತ ಮೊದಲು ಅದರ ದಿಕ್ಕನ್ನು ನೋಡಬೇಕು ಎಂದು ನಾನು ಹೇಳುವುದು ಇಂಥ ಸಂದರ್ಭಗಳಿಗಾಗಿಯೇ. ಎಷ್ಟೋ ಊಹೆಗಳು ಲೆಕ್ಕಕ್ಕೆ ಮುನ್ನವೇ ಬಿದ್ದುಹೋಗುತ್ತವೆ.

ಕೈಯ ಶಾಖದ ವಿಷಯ ಮಾತ್ರ ಹಾಗಲ್ಲ. ಮೈಕ್ರೋಮೀಟರಿನ ಚೌಕಟ್ಟನ್ನು ಬರಿಗೈಯಲ್ಲಿ ಬಹಳ ಹೊತ್ತು ಹಿಡಿದರೆ ಅದು ಹಿಗ್ಗಿ, ವಸ್ತುವನ್ನು ಹಿಡಿಯುವ ಸ್ಥಿರ ಆನ್ವಿಲ್ ಮತ್ತು ಚಲಿಸುವ ಸ್ಪಿಂಡಲ್‌ಗಳ ನಡುವಿನ ಅಂತರ ಹೆಚ್ಚುತ್ತದೆ. ಆಗ ಸ್ಪಿಂಡಲನ್ನು ಸರಿಸುವ, ಗೆರೆಗಳುಳ್ಳ ತಿರುಗುವ ಹಿಡಿಯಾದ ಥಿಂಬಲನ್ನು ಇನ್ನಷ್ಟು ಒಳಕ್ಕೆ ತಿರುಗಿಸಿದರೆ ಮಾತ್ರ ಸ್ಪಿಂಡಲ್ ವಸ್ತುವಿಗೆ ತಾಗುವುದರಿಂದ ಉಪಕರಣ ಕಡಿಮೆ ಅಂಕಿಯನ್ನು ತೋರಿಸುತ್ತದೆ. ಇದು ನಮ್ಮ ದೋಷದ ದಿಕ್ಕಿಗೆ ಹೊಂದುತ್ತಿತ್ತು. ಚೌಕಟ್ಟಿಗೆ ಶಾಖ ತಡೆಯುವ ಪಟ್ಟಿಯನ್ನು ಅಂಟಿಸಿರುವುದೇ ಇದಕ್ಕಾಗಿ. ಆದರೆ 25 ಮಿ.ಮೀ.ವರೆಗಿನ ಸಣ್ಣ ಮೈಕ್ರೋಮೀಟರಿನಲ್ಲಿ ಇದರಿಂದ ಒಂದೋ ಎರಡೋ ಮೈಕ್ರಾನ್ ವ್ಯತ್ಯಾಸ ಬಂದೀತು, ಅದಕ್ಕಿಂತ ಹೆಚ್ಚಲ್ಲ. ಜೊತೆಗೆ, ಸ್ಟ್ಯಾಂಡಿಗೆ ಕಚ್ಚಿಸಿ ಕೈ ತಾಗಿಸದೆ ಅಳೆದಾಗಲೂ ಆ ಪಿನ್ನು 12.747 ಎಂದೇ ಬಂದದ್ದರಿಂದ ಇದನ್ನೂ ಬದಿಗಿಟ್ಟೆ.

ಆಮೇಲೆ ಉಪಕರಣದ ಕಡತ ತೆಗೆದೆ. ಐದು ತಿಂಗಳ ಹಿಂದಷ್ಟೇ ಹೊರಗಿನ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಷನ್ (ನಿಖರ ಮಾನಕಗಳೊಂದಿಗೆ ಹೋಲಿಸಿ ಮಾಡುವ ಪರೀಕ್ಷೆ) ಆಗಿತ್ತು. ಅವಧಿ ಇನ್ನೂ ಏಳು ತಿಂಗಳಿತ್ತು. ಚೌಕಟ್ಟಿನ ಮೇಲೆ ಚೀಟಿಯೂ ಇತ್ತು. ಪ್ರಮಾಣಪತ್ರದಲ್ಲಿ ಆರು ಬಿಂದುಗಳ ಫಲಿತಾಂಶ ಇತ್ತು. 0, 5, 10, 15, 20, 25 ಮಿ.ಮೀ.ಗಳಲ್ಲಿ ದೋಷ ಕ್ರಮವಾಗಿ 0, 0, +0.001, 0, −0.001, 0. ಈ ವರ್ಗದ ಮೈಕ್ರೋಮೀಟರಿಗೆ ನಾವು ಒಪ್ಪಿಕೊಂಡಿದ್ದ ಮಿತಿ ±0.004 ಮಿ.ಮೀ. ಆದ್ದರಿಂದ ಉಪಕರಣ ಚೆನ್ನಾಗಿಯೇ ತೇರ್ಗಡೆಯಾಗಿತ್ತು. ತಿಂಗಳಿಗೊಮ್ಮೆ ನಾನು ನಡೆಸುವ ತಪಾಸಣೆಯ ದಾಖಲೆಯೂ ಅದನ್ನೇ ಹೇಳುತ್ತಿತ್ತು: ಸೊನ್ನೆ ಸರಿ, 5ರ ಸ್ಲಿಪ್ ಗೇಜಿಗೆ (ಅತಿ ನಿಖರ ದಪ್ಪದ ಉಕ್ಕಿನ ತುಂಡು) ಸರಿ, 10ಕ್ಕೆ ಸರಿ, 20ಕ್ಕೆ ಸರಿ.

ಹಾಳೆಯ ಮೇಲೆ ಎಲ್ಲವೂ ಸರಿಯಿರುವಾಗ ವಸ್ತು ತಪ್ಪಿದ್ದರೆ ವಸ್ತುವಿನ ಕಡೆಗೇ ಹೋಗಬೇಕು. ಪಿನ್ನಿನ ಅಳತೆ 12.75 ತಾನೇ, ಅದೇ ಅಳತೆಯ ಸ್ಲಿಪ್ ಗೇಜನ್ನು ಇದರಲ್ಲಿ ಹಿಡಿದು ನೋಡೋಣ ಎಂದು ನಿಶ್ಚಯಿಸಿದೆ. ನಮ್ಮಲ್ಲಿದ್ದದ್ದು 103 ತುಂಡುಗಳ ಸೆಟ್ಟು. ಅದರಲ್ಲಿ 12.75 ಒಂದೇ ತುಂಡಾಗಿ ಇರುವುದಿಲ್ಲ, 11.5ನ್ನೂ 1.25ನ್ನೂ ಕೂಡಿಸಬೇಕು. ಎರಡರ ಮೇಲಿನ ರಕ್ಷಣೆಯ ಎಣ್ಣೆಯನ್ನು ದ್ರಾವಕದಿಂದ ತೆಗೆದು, ಮೆತ್ತನೆಯ ಚರ್ಮದಿಂದ ಒರೆಸಿ, ಒಂದರ ಮೇಲೊಂದನ್ನು ಅಡ್ಡಲಾಗಿ ಇಟ್ಟು, ಹಗುರವಾಗಿ ಒತ್ತುತ್ತ ಜಾರಿಸಿ ತಿರುಗಿಸಿದೆ. ಮುಖಗಳು ನಿಜವಾಗಿ ಶುಚಿಯಾಗಿದ್ದರೆ ಒಂದು ಘಟ್ಟದಲ್ಲಿ ಬೆರಳಿಗೆ ಅವು ಹಿಡಿದುಕೊಂಡದ್ದು ತಿಳಿಯುತ್ತದೆ. ಆಮೇಲೆ ಎರಡನ್ನೂ ಎತ್ತಿ ಹಿಡಿದರೂ ಕೆಳಗಿನದು ಬೀಳುವುದಿಲ್ಲ. ಹಾಗೆ ಅಂಟದೆ ಬರಿದೇ ಕೂತಿದ್ದರೆ ನಡುವೆ ಧೂಳಿನ ಕಣವೋ ಎಣ್ಣೆಯ ಪದರವೋ ಇದೆ ಎಂದರ್ಥ, ಮತ್ತು ಆ ಜೋಡಿಯ ಅಳತೆಯನ್ನು ನಂಬಬಾರದು. ಜೋಡಿಸಿದ ಗೇಜು, ಮೈಕ್ರೋಮೀಟರ್, ವಾಪಸು ಬಂದ ಪಿನ್ನುಗಳಲ್ಲಿ ಐದು, ಇವೆಲ್ಲವನ್ನೂ ಒಂದೇ ಉಕ್ಕಿನ ಫಲಕದ ಮೇಲೆ ಒಂದು ಗಂಟೆ ಬಿಟ್ಟೆ. ಉದ್ದದ ಅಳತೆಗಳಿಗೆಲ್ಲ ಆಧಾರ ಉಷ್ಣತೆ 20 ಡಿಗ್ರಿ. ಕೋಣೆ ಸರಿಯಾಗಿ ಅಷ್ಟೇ ಇರದಿದ್ದರೂ, ಎಲ್ಲವೂ ಉಕ್ಕೇ ಆಗಿ ಎಲ್ಲವೂ ಒಂದೇ ಉಷ್ಣತೆಗೆ ಬಂದಿದ್ದರೆ ಹಿಗ್ಗು ಎರಡೂ ಕಡೆ ಸಮನಾಗಿ ಹೋಲಿಕೆ ಕೆಡುವುದಿಲ್ಲ.

ಅಳತೆಗೆ ಮುನ್ನ ಆನ್ವಿಲ್ ಮತ್ತು ಸ್ಪಿಂಡಲ್‌ಗಳ ನಡುವೆ ಬಿಳಿಯ ಕಾಗದವೊಂದನ್ನು ಹಗುರವಾಗಿ ಹಿಡಿಸಿ ಎಳೆದೆ. ಮೊದಲ ಸಲ ಕಾಗದದ ಮೇಲೆ ಬೂದು ಗೆರೆ ಮೂಡಿತು, ಮೂರನೆಯ ಸಲಕ್ಕೆ ಮೂಡಲಿಲ್ಲ. ಸೊನ್ನೆ ನೋಡಿದೆ, ಸರಿಯಿತ್ತು. ಸ್ಲಿಪ್ ಗೇಜನ್ನು ಹಿಡಿದು ರ‍್ಯಾಚೆಟ್ ತಿರುಗಿಸಿದೆ. ಉಪಕರಣ 12.745 ಎಂದಿತು.

ಐದು ಮೈಕ್ರಾನ್ ಕಡಿಮೆ. ಇನ್ನೂ ನಾಲ್ಕು ಬಾರಿ ನೋಡಿದೆ. ಎರಡು ಬಾರಿ 12.745, ಎರಡು ಬಾರಿ 12.745ಕ್ಕೂ 12.746ಕ್ಕೂ ನಡುವೆ. ಹಾಗಾದರೆ 12.747 ಎಂದು ಬಂದ ಪಿನ್ನು ನಿಜದಲ್ಲಿ ಸುಮಾರು 12.752 ಇರಬೇಕು, ಗರಿಷ್ಠ ಮಿತಿಗಿಂತ ಎರಡು ಮೈಕ್ರಾನ್ ದಪ್ಪ. ಗೊತ್ತಿರುವ ಅಳತೆಗೂ ವಸ್ತುವಿಗೂ ಇರುವ ವ್ಯತ್ಯಾಸವನ್ನು ತೋರಿಸುವ, ಮೇಜಿನ ಮೇಲಿನ ಕಂಪ್ಯಾರೇಟರನ್ನು ಅದೇ ಸ್ಲಿಪ್ ಗೇಜಿಗೆ ಹೊಂದಿಸಿ ಪಿನ್ನನ್ನು ಇಟ್ಟಾಗ ಬಂದದ್ದೂ 12.752.

ಇಲ್ಲಿಂದ ಮುಂದಿನ ಪ್ರಶ್ನೆಯೇ ಈ ಪ್ರಕರಣದ ಹುರುಳು. 10ರಲ್ಲೂ 15ರಲ್ಲೂ ಒಂದು ಮೈಕ್ರಾನಿಗಿಂತ ಹೆಚ್ಚು ತಪ್ಪದ ಉಪಕರಣ ಅವೆರಡರ ನಡುವೆ ಐದು ಮೈಕ್ರಾನ್ ತಪ್ಪುವುದು ಹೇಗೆ? ಉತ್ತರ ಮೈಕ್ರೋಮೀಟರಿನ ರಚನೆಯಲ್ಲೇ ಇದೆ. ಫ್ರಾನ್ಸಿನ ಜಾನ್ ಲಾರಾಂ ಪಾಮರ್ 1848ರಲ್ಲಿ ಪೇಟೆಂಟ್ ಪಡೆದ ಕಾಲದಿಂದ ಇಂದಿನವರೆಗೂ ಈ ಉಪಕರಣದ ಜೀವ ಒಂದು ಸ್ಕ್ರೂವಿನಲ್ಲಿದೆ. ಸ್ಪಿಂಡಲ್ಲಿನ ಥ್ರೆಡ್ಡಿನ ಪಿಚ್ 0.5 ಮಿ.ಮೀ.; ಥಿಂಬಲ್ ಒಂದು ಪೂರ್ಣ ಸುತ್ತು ತಿರುಗಿದರೆ ಸ್ಪಿಂಡಲ್ ಅರ್ಧ ಮಿಲಿಮೀಟರ್ ಸರಿಯುತ್ತದೆ; ಥಿಂಬಲ್ಲಿನ ಅಂಚಿನಲ್ಲಿ 50 ಗೆರೆಗಳಿರುವುದರಿಂದ ಒಂದು ಗೆರೆಗೆ 0.01 ಮಿ.ಮೀ. ಇಷ್ಟೂ ನಿಜವಾಗಲು ಒಂದು ಸುತ್ತಿನೊಳಗೆ ಸ್ಪಿಂಡಲ್ ಪ್ರತಿ ಗೆರೆಗೂ ಸಮನಾಗಿ ಸರಿಯಬೇಕು. ಥ್ರೆಡ್ ಕತ್ತರಿಸುವಾಗಲೋ ಗ್ರೈಂಡ್ ಮಾಡುವಾಗಲೋ ಅದರ ಸುರುಳಿ ಪ್ರತಿ ಸುತ್ತಿನಲ್ಲೂ ಒಂದು ಬದಿಯಲ್ಲಿ ಮುಂದೆ, ಎದುರು ಬದಿಯಲ್ಲಿ ಹಿಂದೆ ಎಂಬಂತೆ ತೊನೆದುಕೊಂಡು ಸಾಗಿದ್ದರೆ, ಸ್ಪಿಂಡಲ್ ಒಂದು ಸುತ್ತಿನ ಕೊನೆಗೆ ಸರಿಯಾದ ಜಾಗಕ್ಕೇ ಬಂದರೂ ಸುತ್ತಿನ ನಡುವೆ ಹಿಂದು ಮುಂದಾಗುತ್ತದೆ. ಇಂಥ ಥ್ರೆಡ್ಡನ್ನು ಈ ಕಸುಬಿನವರು ಡ್ರಂಕನ್ ಥ್ರೆಡ್ ಎನ್ನುತ್ತಾರೆ.

ಈಗ ಪ್ರಮಾಣಪತ್ರದ ಬಿಂದುಗಳನ್ನು ಇನ್ನೊಮ್ಮೆ ನೋಡಿದರೆ ಸಂಗತಿ ಬಿಚ್ಚಿಕೊಳ್ಳುತ್ತದೆ. 5 ಮಿ.ಮೀ. ಎಂದರೆ ಸರಿಯಾಗಿ 10 ಸುತ್ತು, 10 ಎಂದರೆ 20 ಸುತ್ತು, 15 ಎಂದರೆ 30. ಆರೂ ಬಿಂದುಗಳಲ್ಲಿ ಥಿಂಬಲ್ ನಿಂತದ್ದು ತನ್ನ ಸೊನ್ನೆಯ ಗೆರೆಯ ಮೇಲೆ. ಸುತ್ತುಗಳನ್ನು ಎಣಿಸಿದ್ದಾಗಿತ್ತು, ಯಾವ ಸುತ್ತಿನ ಒಳಗನ್ನೂ ನೋಡಿರಲಿಲ್ಲ. ನನ್ನ ತಿಂಗಳ ತಪಾಸಣೆಯೂ ಅದೇ ಒಂದು ಗೆರೆಯ ಮೇಲೆ ಮತ್ತೆ ಮತ್ತೆ ನಡೆದಿತ್ತು. ನಮ್ಮ ಪಿನ್ನಿನ 12.75 ಮಾತ್ರ ಇಪ್ಪತ್ತೈದೂವರೆ ಸುತ್ತು. ಆಗ ಥಿಂಬಲ್ ನಿಲ್ಲುವುದು ಸೊನ್ನೆಗೆ ನೇರ ಎದುರಿನ 25ನೆಯ ಗೆರೆಯ ಬಳಿ, ತೊನೆತದ ದೋಷ ಪರಮಾವಧಿ ಮುಟ್ಟುವ ಜಾಗದಲ್ಲಿ.

ಊಹೆಯನ್ನು ಊಹೆಯಾಗಿಯೇ ಬಿಡಬಾರದೆಂದು ಒಂದು ಪೂರ್ತಿ ಸುತ್ತನ್ನು ಹೆಜ್ಜೆ ಹೆಜ್ಜೆಯಾಗಿ ಅಳೆದೆ. 12.50ರಲ್ಲಿ ದೋಷ ಸೊನ್ನೆ, 12.60ರಲ್ಲಿ −0.002, 12.70ರಲ್ಲಿ −0.004, 12.75ರಲ್ಲಿ −0.005, 12.80ರಲ್ಲಿ ಮತ್ತೆ −0.004, 12.90ರಲ್ಲಿ −0.002, 13.00ಕ್ಕೆ ಬಂದಾಗ ಮತ್ತೆ ಸೊನ್ನೆ. ಹಾಳೆಯ ಮೇಲೆ ಬಿಂದುಗಳನ್ನು ಕೂಡಿಸಿದರೆ ತಗ್ಗೊಂದಕ್ಕೆ ಇಳಿದು ಏರಿದ ಹಾಗೆ ನಯವಾದ ಒಂದೇ ಅಲೆ. ಸವೆತದಿಂದ ಹೀಗಾಗಿದ್ದರೆ ದೋಷ ಹೆಚ್ಚು ಬಳಕೆಯಾದ ಭಾಗದಲ್ಲಷ್ಟೇ ಇರಬೇಕಿತ್ತು. ಆದರೆ 5.25ರಲ್ಲೂ 20.25ರಲ್ಲೂ ಬಂದದ್ದು −0.005. ಸ್ಕ್ರೂವಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪ್ರತಿ ಸುತ್ತಿನಲ್ಲೂ ಅದೇ ಅಲೆ ಇತ್ತು.

ಇನ್ನೊಂದು ಸಾಧ್ಯತೆ ಉಳಿದಿತ್ತು: ಎಲ್ಲೋ ಕೈಜಾರಿ ಬಿದ್ದು ಸ್ಪಿಂಡಲ್ ಬಾಗಿದ್ದರೆ, ಅದರ ಮುಖ ತಿರುಗುವಾಗ ಓಲಾಡಿ, ಸುತ್ತಿಗೊಮ್ಮೆ ಮರುಕಳಿಸುವ ದೋಷವನ್ನು ಉಂಟುಮಾಡಬಹುದು. ಅದನ್ನು ನೋಡಲು ಆಪ್ಟಿಕಲ್ ಪ್ಯಾರಲಲ್ ಎಂಬ ಗಾಜಿನ ಬಿಲ್ಲೆಗಳ ಸೆಟ್ಟು ಬೇಕು. ನಾಲ್ಕು ಬಿಲ್ಲೆಗಳ ದಪ್ಪ 12.00, 12.12, 12.25, 12.37 ಮಿ.ಮೀ.; ಒಂದಕ್ಕಿಂತ ಒಂದು ಸುಮಾರು ಕಾಲು ಸುತ್ತಿನಷ್ಟು ಹೆಚ್ಚು, ಅಂದರೆ ನಾಲ್ಕೂ ಸೇರಿ ಥಿಂಬಲ್ಲಿನ ನಾಲ್ಕು ದಿಕ್ಕುಗಳನ್ನು ಪರೀಕ್ಷಿಸುತ್ತವೆ. ಅಳತೆ ಉಪಕರಣದ ಮುಖ್ಯ ತೊಡಕು ಸುತ್ತಿನ ಒಳಗೇ ಇದೆ ಎಂಬುದನ್ನು ಈ ಬಿಲ್ಲೆಗಳನ್ನು ಮಾಡಿದವರು ಬಲ್ಲವರು. ಬಿಲ್ಲೆಯನ್ನು ಎರಡು ಮುಖಗಳ ನಡುವೆ ಹಿಡಿದು ಏಕವರ್ಣದ ಬೆಳಕಿನಲ್ಲಿ ನೋಡಿದರೆ ಗಾಜಿನೊಳಗೆ ಪಟ್ಟೆಗಳು ಕಾಣುತ್ತವೆ. ಒಂದೊಂದು ಪಟ್ಟೆಯೂ ಸುಮಾರು 0.3 ಮೈಕ್ರಾನ್ ವ್ಯತ್ಯಾಸಕ್ಕೆ ಸಮ. ನಾಲ್ಕೂ ಬಿಲ್ಲೆಗಳಲ್ಲಿ ನನಗೆ ಕಂಡದ್ದು ಮೂರೋ ನಾಲ್ಕೋ ಪಟ್ಟೆ. ಮುಖಗಳ ಸಮಾಂತರತೆ ಸುಮಾರು ಒಂದು ಮೈಕ್ರಾನಿನೊಳಗಿದೆ, ಥಿಂಬಲ್ ತಿರುಗಿದಂತೆ ಅದು ಬದಲಾಗುತ್ತಿಲ್ಲ ಎಂದಾಯಿತು. ಸ್ಪಿಂಡಲ್ ಬಾಗಿರಲಿಲ್ಲ. ದೋಷ ಥ್ರೆಡ್ಡಿನದು, ಮತ್ತು ಉಪಕರಣ ತಯಾರಾದ ದಿನದಿಂದಲೂ ಅದರೊಳಗೆ ಇದ್ದದ್ದು.

ಹದಿನಾಲ್ಕು ತಿಂಗಳು ಬಳಸಿದ ಉಪಕರಣದಲ್ಲಿ ಇದು ಈವರೆಗೆ ಯಾರ ಕಣ್ಣಿಗೂ ಬೀಳದಿದ್ದುದೇಕೆ ಎಂಬುದಕ್ಕೆ ಕೆಲಸದ ದಾಖಲೆ ಪುಸ್ತಕದಲ್ಲೇ ಉತ್ತರವಿತ್ತು. ಆ ಯಂತ್ರದಲ್ಲಿ ಅದಕ್ಕೆ ಮೊದಲು ಬಿಗಿ ಟಾಲರೆನ್ಸಿನ ಕೆಲಸವೆಂದು ಬಂದವು 12.000, 16.000, 20.000, 10.500 ಇಂಥ ಅಳತೆಗಳು. ಎಲ್ಲವೂ ಪೂರ್ಣ ಸುತ್ತುಗಳು.

ಪ್ರಯೋಗಾಲಯದವರ ಮೇಲೆ ತಪ್ಪು ಹೊರಿಸೋಣ ಎಂಬ ಮಾತು ನಮ್ಮಲ್ಲಿ ಎದ್ದಿತು. ನಾನು ಒಪ್ಪಲಿಲ್ಲ. ಅವರು ಕೊಟ್ಟ ಆರೂ ಅಂಕಿಗಳನ್ನು ನಾನೇ ಮತ್ತೆ ಅಳೆದು ನೋಡಿದ್ದೆ, ಒಂದೂ ತಪ್ಪಿರಲಿಲ್ಲ. ಕ್ಯಾಲಿಬ್ರೇಷನ್ನಿಗೆ ಕಳಿಸುವಾಗ ತುಂಬಿದ ನಮೂನೆಯ ಪ್ರತಿ ಕಡತದಲ್ಲಿತ್ತು, ಅದರಲ್ಲಿ ಆ ಆರು ಬಿಂದುಗಳನ್ನು ಬರೆದು ಕೊಟ್ಟಿದ್ದವನು ನಾನು. ಐದೈದರ ಹೆಜ್ಜೆ ಓದಲು ಅಚ್ಚುಕಟ್ಟು ಎಂಬುದಕ್ಕಿಂತ ಬೇರೆ ಕಾರಣ ಅದಕ್ಕಿರಲಿಲ್ಲ. ಮೈಕ್ರೋಮೀಟರ್ ಪರೀಕ್ಷೆಗೆಂದೇ ಮಾಡಿದ ಸ್ಲಿಪ್ ಗೇಜ್ ಸೆಟ್ಟಿನ ಅಳತೆಗಳು ನೋಡಲು ಅಚ್ಚುಕಟ್ಟಾಗಿರುವುದಿಲ್ಲ: 2.5, 5.1, 7.7, 10.3, 12.9, 15.0, 17.6, 20.2, 22.8, 25. ಇವನ್ನು 0.5ರಿಂದ ಭಾಗಿಸಿ ನೋಡಿದರೆ ಥಿಂಬಲ್ ಒಮ್ಮೆ ಸೊನ್ನೆಯಲ್ಲಿ, ಒಮ್ಮೆ 10ನೆಯ ಗೆರೆಯಲ್ಲಿ, ಮತ್ತೆ 20, 30, 40ರಲ್ಲಿ ನಿಲ್ಲುತ್ತದೆ. ಸ್ಕ್ರೂವಿನ ಉದ್ದವನ್ನೂ ಸುತ್ತಿನ ಒಳಗನ್ನೂ ಒಟ್ಟಿಗೇ ನೋಡುವ ಹಾಗೆ ಆ ಹತ್ತು ಅಂಕಿಗಳನ್ನು ಆರಿಸಿದ್ದಾರೆ. ಈ ಸೆಟ್ಟು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಅಂಕಿಗಳು ಯಾಕೆ ಹಾಗಿವೆ ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ.

ಪಿನ್ನುಗಳ ವಿಷಯ ಬೇಗ ಹೇಳಿ ಮುಗಿಸಬಹುದು. ರಂಧ್ರದಲ್ಲಿ ಕೂತಿದ್ದ 209 ಪಿನ್ನುಗಳನ್ನೂ ಬಿಡಿಸಿ ತರಿಸಿ, ಎಲ್ಲ 240ನ್ನೂ 12.75ರ ಸ್ಲಿಪ್ ಗೇಜಿಗೆ ಹೊಂದಿಸಿದ ಕಂಪ್ಯಾರೇಟರಿನಲ್ಲಿ ನೋಡಿದೆವು. 103 ಪಿನ್ನುಗಳು 12.750ಕ್ಕಿಂತ ದಪ್ಪವಿದ್ದವು, ಅತಿ ದಪ್ಪದ್ದು 12.754. ಸಿಕ್ಕಿಕೊಂಡದ್ದು 31 ಮಾತ್ರ. ಉಳಿದ 72 ಪಿನ್ನುಗಳು ದೊಡ್ಡ ರಂಧ್ರ ದೊರೆತದ್ದರಿಂದ ಒಳಗೆ ಹೋಗಿ, ತಮ್ಮ ತಪ್ಪನ್ನು ಮರೆಮಾಡಿಕೊಂಡು ಕೂತಿದ್ದವು. ಜೋಡಣೆಯಲ್ಲಿ ಕೂತಿತೆಂದ ಮಾತ್ರಕ್ಕೆ ಅಳತೆ ಸರಿಯಿದೆ ಎನ್ನಲಾಗದು. ದೋಷದ ದಿಕ್ಕು ನಮ್ಮ ಪಾಲಿಗೆ ಒಳ್ಳೆಯದಾಯಿತು: ದಪ್ಪವಿದ್ದುದನ್ನು ಲ್ಯಾಪಿಂಗಿನಿಂದ (ನುಣುಪಾದ ಪುಡಿಯಿಂದ ಉಜ್ಜಿ) ಇಳಿಸಬಹುದು, ತೆಳುವಾಗಿದ್ದರೆ ನೂರಕ್ಕೂ ಹೆಚ್ಚು ಪಿನ್ನುಗಳು ಗುಜರಿಗೆ ಹೋಗುತ್ತಿದ್ದವು. 103ನ್ನೂ ಇಳಿಸಿ, ಮತ್ತೆ ಅಳೆದು ಕಳಿಸಿದೆವು. ಎಲ್ಲವೂ ಕೂತವು.

ವ್ಯವಸ್ಥೆಯಲ್ಲಿ ಏನು ಬದಲಿಸಬೇಕು ಎಂಬ ಚರ್ಚೆಯಲ್ಲಿ ಮೊದಲು ಬಂದ ಸಲಹೆ, ಕ್ಯಾಲಿಬ್ರೇಷನ್ ಅವಧಿಯನ್ನು ವರ್ಷದಿಂದ ಆರು ತಿಂಗಳಿಗೆ ಇಳಿಸುವುದು. ತಪ್ಪು ಬಿಂದುಗಳಲ್ಲಿ ವರ್ಷಕ್ಕೆ ಒಮ್ಮೆ ನೋಡಿದರೂ ಹನ್ನೆರಡು ಸಲ ನೋಡಿದರೂ ಈ ದೋಷ ಸಿಗುತ್ತಿರಲಿಲ್ಲ ಎಂದು ನಾನು ವಿರೋಧಿಸಿದೆ. ಅವಧಿ ಹಾಗೇ ಉಳಿಯಿತು, ಬಿಂದುಗಳು ಬದಲಾದವು. ಹೊರಗೆ ಕಳಿಸುವ ನಮೂನೆಯಲ್ಲಿ ಈಗ ಮೇಲಿನ ಹತ್ತು ಅಳತೆಗಳಿವೆ. ತಿಂಗಳ ತಪಾಸಣೆಯಲ್ಲಿ ಕನಿಷ್ಠ ಒಂದು ಬಿಂದು ಅರ್ಧ ಸುತ್ತಿನದು. ಬಿಗಿ ಟಾಲರೆನ್ಸಿನ ಕೆಲಸ ಶುರುವಾಗುವ ಮುನ್ನ ಅದೇ ಅಳತೆಯ ಸ್ಲಿಪ್ ಗೇಜನ್ನು ಆ ಯಂತ್ರದ ಬಳಿಯ ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿ ಅಂಕಿ ಬರೆಯಬೇಕು. ಈ ಕೊನೆಯದಕ್ಕೆ ಎರಡು ನಿಮಿಷ ಸಾಕು. ಮೂರರಲ್ಲಿ ಅತ್ಯಂತ ಉಪಯುಕ್ತವಾದದ್ದೂ ಅದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ಹೊತ್ತಿಗೆ ಬೇಕಾದ ಜಾಗದಲ್ಲಿ ಉಪಕರಣ ಸರಿಯಿದೆಯೇ ಎಂಬ ಪ್ರಶ್ನೆಯನ್ನು ಅದು ನೇರವಾಗಿ ಕೇಳುತ್ತದೆ.

ಇದರಷ್ಟೇ ಗಂಭೀರವಾದ ಇನ್ನೊಂದು ತಪ್ಪು ಈ ಪ್ರಕರಣದ ಹಿಂದೆ ಇತ್ತು. ಮೈಕ್ರೋಮೀಟರ್ ಯಾವ ದೋಷವೂ ಇಲ್ಲದೆ ಮಿತಿಯೊಳಗೇ ಇದ್ದಿದ್ದರೂ, ±4 ಮೈಕ್ರಾನ್ ತಪ್ಪಲು ಅನುಮತಿಯಿರುವ ಉಪಕರಣದಿಂದ 11 ಮೈಕ್ರಾನ್ ಟಾಲರೆನ್ಸನ್ನು ಒಪ್ಪುವ ಅಥವಾ ತಿರಸ್ಕರಿಸುವ ತೀರ್ಮಾನ ಮಾಡುವುದು ಸರಿಯಲ್ಲ. ಉಪಕರಣದ ದೋಷ ಟಾಲರೆನ್ಸಿನ ಹತ್ತನೇ ಒಂದು ಭಾಗದಷ್ಟಿರಬೇಕು, ತೀರಾ ಆಗದಿದ್ದರೆ ನಾಲ್ಕನೇ ಒಂದು ಭಾಗವನ್ನು ಮೀರಬಾರದು ಎಂಬುದು ಎಲ್ಲ ಕಡೆ ಬಳಕೆಯಲ್ಲಿರುವ ರೂಢಿ. ಸ್ಲೀವಿನ ಮೇಲಿನ ವರ್ನಿಯರಿನಲ್ಲಿ 0.001 ಓದಲು ಬರುತ್ತದೆ ಎಂಬುದೇ ನಮ್ಮನ್ನು ಇಲ್ಲಿ ದಾರಿ ತಪ್ಪಿಸಿತ್ತು. ಇಂಥ ಕೆಲಸಕ್ಕೆ ಈಗ ಅಂತಿಮ ತಪಾಸಣೆ ಕಂಪ್ಯಾರೇಟರಿನಲ್ಲಿ ನಡೆಯುತ್ತದೆ, ಅದರಲ್ಲೂ ಒಪ್ಪುವ ಮಿತಿಯನ್ನು ಎರಡೂ ತುದಿಗಳಲ್ಲಿ ಅಳತೆಯ ಅನಿಶ್ಚಿತತೆಯಷ್ಟು ಒಳಕ್ಕೆ ಎಳೆದುಕೊಂಡಿದ್ದೇವೆ. ಗ್ರೈಂಡಿಂಗಿನ ಹಿರಿಯರಿಗೆ ಫಲಿತಾಂಶದ ಹಾಳೆಯನ್ನು ತೋರಿಸಿ, ಅವರ ಅಳತೆಯಲ್ಲಿ ಯಾವ ತಪ್ಪೂ ಇರಲಿಲ್ಲವೆಂದು ಎಲ್ಲರೆದುರೂ ಹೇಳಿ, ವರದಿಯಲ್ಲೂ ಹಾಗೆಯೇ ಬರೆದೆ.

ಆ ಮೈಕ್ರೋಮೀಟರಿಗೆ ಕೆಂಪು ಪಟ್ಟಿ ಕಟ್ಟಿ ಬಳಕೆಯಿಂದ ತೆಗೆದದ್ದಾಯಿತು. ಉಳಿದ ಎಂಟನ್ನು ಹತ್ತು ಬಿಂದುಗಳಲ್ಲೂ ಅರ್ಧ ಸುತ್ತಿನಲ್ಲೂ ನೋಡಿದೆ. ಏಳರಲ್ಲಿ ಅಲೆ ಒಂದು ಮೈಕ್ರಾನನ್ನು ದಾಟಲಿಲ್ಲ. ಒಂದರಲ್ಲಿ ಅರ್ಧ ಸುತ್ತಿಗೆ −0.003 ಬಂತು. ಅದು ಮಿತಿಯೊಳಗೇ ಇರುವುದರಿಂದ ಬಳಕೆಯಲ್ಲಿದೆ, ಆದರೆ ಅದರ ಪೆಟ್ಟಿಗೆಯ ಮುಚ್ಚಳದ ಒಳಗೆ ಆ ಅಂಕಿಯನ್ನು ಬರೆದು ಅಂಟಿಸಿದೆ. ಕೊನೆಗೆ, ಕೆಂಪು ಪಟ್ಟಿಯ ಉಪಕರಣದಿಂದ ಹದಿನಾಲ್ಕು ತಿಂಗಳಲ್ಲಿ ಅಳೆದು ಕಳಿಸಿದ ಎಲ್ಲ ಕೆಲಸಗಳ ಅಳತೆಯನ್ನೂ ದಾಖಲೆ ಪುಸ್ತಕದಿಂದ ಒಂದೊಂದಾಗಿ ತೆಗೆದು ಸುತ್ತಿನ ಭಾಗಕ್ಕೆ ಪರಿವರ್ತಿಸಿ ನೋಡಿದೆ. ದೋಷ ತಟ್ಟಬಹುದಾದ ಜಾಗದಲ್ಲಿ ಬಿದ್ದದ್ದು ಒಂದೇ ಕೆಲಸ, 8.20 ಮಿ.ಮೀ.ನದು. ಅದರ ಟಾಲರೆನ್ಸ್ ±0.025 ಇತ್ತು, ಬರೆದ ಅಂಕಿಗಳೆಲ್ಲ ನಡುಭಾಗದಲ್ಲೇ ಇದ್ದವು. ಐದು ಮೈಕ್ರಾನ್ ಕೂಡಿಸಿದರೂ ಒಂದು ತುಂಡಿನ ತೀರ್ಮಾನವೂ ಬದಲಾಗಲಿಲ್ಲ. ಆ ಪುಟದ ಅಂಚಿನಲ್ಲಿ ಲೆಕ್ಕವನ್ನು ಬರೆದು ಸಹಿ ಹಾಕಿ ಕಡತ ಮುಚ್ಚಿದೆ.